ಟಾರ್ಕ್ ಕನ್ವರ್ಟರ್ ಕ್ಲಚ್‌ನ ದೋಷಪತ್ತೆ

ಟಾರ್ಕ್ ಕನ್ವರ್ಟರ್ ಕ್ಲಚ್ ಎಂಬುದು ಸ್ವಯಂಚಾಲಿತ ಗೇರ್‌ಬಾಕ್ಸ್ ಇರುವ ವಾಹನಗಳಲ್ಲಿ ಎಂಜಿನ್ ಹಾಗೂ ಗೇರ್‌ಬಾಕ್ಸ್‌ಗಳನ್ನು ತೈಲದ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಜೋಡಿಸುವ ಘರ್ಷಣಾ ಕ್ಲಚ್ ಆಗಿದೆ. ಇದನ್ನು ಲಾಕ್‌ಅಪ್ ಕ್ಲಚ್ ಎಂದೂ ಕರೆಯುತ್ತಾರೆ. ಇದು ಟಾರ್ಕ್ ಕನ್ವರ್ಟರಿನ ಒಳಗೇ ಇರುವುದರಿಂದ ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಇದರ ದೋಷವನ್ನು ಆರ್‌ಪಿಎಂ ಮಾಪಕ, ತೈಲದ ಸ್ಥಿತಿ, ವಿದ್ಯುತ್ ಪರೀಕ್ಷೆ ಹಾಗೂ ಒತ್ತಡದ ಅಳತೆಗಳ ಮೂಲಕ ಪರೋಕ್ಷವಾಗಿ ಕಂಡುಹಿಡಿಯಬೇಕಾಗುತ್ತದೆ.

ಹಳೆಯ ಸ್ವಯಂಚಾಲಿತ ಲಾರಿಗಳಲ್ಲಿ ಕಂಡುಬರುವ ಈ ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಕ್ಲಚ್ಚಿಗೆ ಆಜ್ಞೆ ತಲುಪದಿರುವುದು, ಆಜ್ಞೆ ತಲುಪಿದರೂ ತೈಲದ ಒತ್ತಡ ದೊರೆಯದಿರುವುದು, ಇವೆರಡೂ ಇದ್ದರೂ ಕ್ಲಚ್ ಹಿಡಿಯದಿರುವುದು. ಮೂರನೆಯ ಬಗೆಯ ದೋಷಕ್ಕೆ ಗೇರ್‌ಬಾಕ್ಸನ್ನು ಇಳಿಸಲೇಬೇಕು. ಮೊದಲನೆಯದು ಹಲವು ವೇಳೆ ಬ್ರೇಕ್ ಪೆಡಲ್ಲಿನ ಒಂದು ಸಣ್ಣ ಸ್ವಿಚ್ ಬದಲಿಸಿದರೆ ಸರಿಹೋಗುತ್ತದೆ. ಮೂರೂ ಸಂದರ್ಭಗಳಲ್ಲಿ ಚಾಲಕನಿಗೆ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಪರೀಕ್ಷೆಗಳನ್ನು ಕ್ರಮವಾಗಿ ನಡೆಸುವುದು ಅನಗತ್ಯ ವೆಚ್ಚವನ್ನು ತಪ್ಪಿಸುತ್ತದೆ.

ಇತಿಹಾಸ

ಟಾರ್ಕ್ ಕನ್ವರ್ಟರಿನ ಮೂಲ ತತ್ತ್ವಕ್ಕೆ ಜರ್ಮನಿಯ ಎಂಜಿನಿಯರ್ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದನು. ಹಡಗುಗಳಲ್ಲಿ ವೇಗವಾಗಿ ತಿರುಗುವ ಉಗಿ ಟರ್ಬೈನನ್ನು ನಿಧಾನವಾಗಿ ತಿರುಗುವ ಪ್ರೊಪೆಲ್ಲರಿಗೆ ಜೋಡಿಸುವುದು ಅವನ ಉದ್ದೇಶವಾಗಿತ್ತು. ಅಮೆರಿಕದ ಬ್ಯೂಕ್ ಕಾರುಗಳಲ್ಲಿ 1948ರಲ್ಲಿ ಬಂದ ಡೈನಾಫ್ಲೋ ಗೇರ್‌ಬಾಕ್ಸ್ ಟಾರ್ಕ್ ಕನ್ವರ್ಟರನ್ನು ರಸ್ತೆ ವಾಹನಗಳಲ್ಲಿ ಜನಪ್ರಿಯಗೊಳಿಸಿತು. ತೈಲದ ಜಾರುವಿಕೆಯಿಂದ ಆಗುವ ಇಂಧನ ನಷ್ಟವನ್ನು ತಡೆಯಲು ಪ್ಯಾಕರ್ಡ್ ಸಂಸ್ಥೆಯು 1949ರ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ನೇರ ಜೋಡಣೆಯ ಕ್ಲಚ್ಚನ್ನು ಅಳವಡಿಸಿತು.

1973ರ ತೈಲ ಬಿಕ್ಕಟ್ಟಿನ ಬಳಿಕ ಇಂಧನ ಮಿತವ್ಯಯಕ್ಕೆ ಮಹತ್ತ್ವ ಬಂದು ಈ ಕ್ಲಚ್ ಮತ್ತೆ ವ್ಯಾಪಕ ಬಳಕೆಗೆ ಬಂದಿತು. ಕ್ರೈಸ್ಲರ್ ಸಂಸ್ಥೆಯು 1978ರ ಮಾದರಿಗಳಲ್ಲಿಯೂ ಜನರಲ್ ಮೋಟರ್ಸ್ ಸಂಸ್ಥೆಯು 1982ರಲ್ಲಿ ಹೊರತಂದ 700ಆರ್4 ಗೇರ್‌ಬಾಕ್ಸಿನಲ್ಲಿಯೂ ಇದನ್ನು ಬಳಸಿದವು. 1990ರ ದಶಕದಲ್ಲಿ ಕ್ಲಚ್ಚಿನ ನಿಯಂತ್ರಣವು ಬಹುತೇಕ ಕಂಪ್ಯೂಟರಿನ ಅಧೀನಕ್ಕೆ ಬಂದಿತು.

ಕರ್ನಾಟಕದಲ್ಲಿ ಬಳಕೆ

ಕರ್ನಾಟಕದ ಹೆದ್ದಾರಿಗಳಲ್ಲಿ ಓಡಾಡುವ ಸರಕು ಲಾರಿಗಳು ಬಹುಪಾಲು ಕೈಯಿಂದ ಗೇರ್ ಬದಲಿಸುವಂಥವು. ತುಮಕೂರು ಜಿಲ್ಲೆಯ ಗುಬ್ಬಿ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗಣಿ ಪ್ರದೇಶದಿಂದ ಕಬ್ಬಿಣದ ಅದಿರು ಸಾಗಿಸಿದ ಟಿಪ್ಪರ್‌ಗಳೂ ಹೆಚ್ಚಾಗಿ ಇದೇ ಬಗೆಯವು. ಆದಕಾರಣ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಕ್ಲಚ್ ಪ್ಲೇಟ್ ಬದಲಿಸುವ ಕೆಲಸ ಎಲ್ಲರಿಗೂ ಪರಿಚಿತವಾಗಿದ್ದು, ಟಾರ್ಕ್ ಕನ್ವರ್ಟರಿನ ಪರಿಚಯ ಕಡಿಮೆ.

ರಾಜ್ಯದಲ್ಲಿ ಟಾರ್ಕ್ ಕನ್ವರ್ಟರ್ ಇರುವ ಭಾರಿ ವಾಹನಗಳು ಮುಖ್ಯವಾಗಿ ಎರಡು ಕ್ಷೇತ್ರಗಳಲ್ಲಿ ಕಾಣಸಿಗುತ್ತವೆ. ಮೊದಲನೆಯದು ಗಣಿಗಾರಿಕೆ. 1964ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಬಿಇಎಂಎಲ್ ಸಂಸ್ಥೆಯ ಮೈಸೂರು ಘಟಕದಲ್ಲಿ ಗಣಿ ಡಂಪರ್‌ಗಳು ತಯಾರಾಗುತ್ತವೆ. ಯಾಂತ್ರಿಕ ಚಾಲನೆಯ ದೊಡ್ಡ ಡಂಪರ್‌ಗಳಲ್ಲಿ ಟಾರ್ಕ್ ಕನ್ವರ್ಟರ್ ಮತ್ತು ಲಾಕ್‌ಅಪ್ ಕ್ಲಚ್ ಸಾಮಾನ್ಯ. ಎರಡನೆಯದು ನಗರ ಸಾರಿಗೆ. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ವಜ್ರ ಸೇವೆಯಲ್ಲಿ ಓಡಿಸಿದ ವೋಲ್ವೊ ತಗ್ಗು ನೆಲದ ಬಸ್ಸುಗಳು ಸ್ವಯಂಚಾಲಿತ ಗೇರ್‌ಬಾಕ್ಸಿನವು. ವಿಮಾನ ನಿಲ್ದಾಣಗಳ ಅಗ್ನಿಶಾಮಕ ವಾಹನಗಳಲ್ಲಿಯೂ ಇಂತಹ ಗೇರ್‌ಬಾಕ್ಸ್ ಬಳಕೆಯಲ್ಲಿದೆ.

ಗೇರ್ ತಾನಾಗಿ ಬದಲಾಗುವ ಪ್ರತಿಯೊಂದು ಲಾರಿಯಲ್ಲಿಯೂ ಟಾರ್ಕ್ ಕನ್ವರ್ಟರ್ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಎಎಂಟಿ ಎಂದು ಕರೆಯಲಾಗುವ ಲಾರಿಗಳಲ್ಲಿ ಸಾಧಾರಣ ಗೇರ್‌ಬಾಕ್ಸ್ ಮತ್ತು ಒಣ ಕ್ಲಚ್ ಪ್ಲೇಟೇ ಇದ್ದು, ಕ್ಲಚ್ ಒತ್ತುವ ಹಾಗೂ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಗಾಳಿಯ ಒತ್ತಡದ ಇಲ್ಲವೆ ವಿದ್ಯುತ್ತಿನ ಸಾಧನಗಳು ಮಾಡುತ್ತವೆ. ವೋಲ್ವೊ ಲಾರಿಗಳ ಐ-ಶಿಫ್ಟ್ ಇದಕ್ಕೆ ಉದಾಹರಣೆ. ಅಂತಹ ಲಾರಿಗಳಿಗೆ ಈ ಲೇಖನದಲ್ಲಿನ ಪರೀಕ್ಷೆಗಳು ಅನ್ವಯಿಸುವುದಿಲ್ಲ. ಆದ್ದರಿಂದ ವಾಹನದ ಕೈಪಿಡಿಯಿಂದ ಅಥವಾ ಗೇರ್‌ಬಾಕ್ಸಿನ ಮೇಲಿನ ಫಲಕದಿಂದ ಅದರ ಬಗೆಯನ್ನು ಖಚಿತಪಡಿಸಿಕೊಳ್ಳುವುದು ದೋಷಪತ್ತೆಯ ಮೊದಲ ಹೆಜ್ಜೆಯಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಟಾರ್ಕ್ ಕನ್ವರ್ಟರಿನಲ್ಲಿ ಮೂರು ಮುಖ್ಯ ಭಾಗಗಳಿರುತ್ತವೆ. ಎಂಜಿನ್ನಿನೊಡನೆ ತಿರುಗುವ ಇಂಪೆಲರ್ ತೈಲವನ್ನು ಹೊರಕ್ಕೆ ಎಸೆಯುತ್ತದೆ. ಆ ತೈಲದ ರಭಸದಿಂದ ಗೇರ್‌ಬಾಕ್ಸಿಗೆ ಜೋಡಿಸಿದ ಟರ್ಬೈನ್ ತಿರುಗುತ್ತದೆ. ಇವೆರಡರ ನಡುವಿನ ಸ್ಟೇಟರ್ ಮರಳಿ ಬರುವ ತೈಲದ ದಿಕ್ಕನ್ನು ತಿರುಗಿಸಿ, ವಾಹನ ಹೊರಡುವಾಗ ಎಂಜಿನ್ನಿನ ತಿರುಚುಬಲವನ್ನು ಹೆಚ್ಚಿಸುತ್ತದೆ. ವಾಹನ ವೇಗ ಪಡೆದಂತೆ ಟರ್ಬೈನ್ ಇಂಪೆಲರಿನ ವೇಗವನ್ನು ಸಮೀಪಿಸುತ್ತದೆಯಾದರೂ ಅದಕ್ಕೆ ಸಮನಾಗುವುದಿಲ್ಲ. ಈ ವ್ಯತ್ಯಾಸವೇ ಜಾರುವಿಕೆ.

ಜಾರುವಿಕೆಯಿಂದ ನಷ್ಟವಾದ ಶಕ್ತಿಯೆಲ್ಲವೂ ತೈಲದಲ್ಲಿ ಶಾಖವಾಗುತ್ತದೆ. ಉದಾಹರಣೆಗೆ, ಎಂಜಿನ್ 60 ಕಿಲೋವಾಟ್ ಶಕ್ತಿ ನೀಡುತ್ತಿರುವಾಗ ಶೇ. 8ರಷ್ಟು ಜಾರುವಿಕೆ ಇದ್ದರೆ ಸುಮಾರು 5 ಕಿಲೋವಾಟ್ ತೈಲವನ್ನು ಕಾಯಿಸುವುದರಲ್ಲಿ ವ್ಯಯವಾಗುತ್ತದೆ. ಇದು ಮನೆಗಳಲ್ಲಿ ಬಳಸುವ 2 ಕಿಲೋವಾಟ್‌ನ ಎರಡಕ್ಕೂ ಹೆಚ್ಚು ಗೀಸರ್‌ಗಳು ಒಟ್ಟಿಗೆ ಉರಿಯುವುದಕ್ಕೆ ಸಮ.

ಲಾಕ್‌ಅಪ್ ಕ್ಲಚ್ ಈ ಜಾರುವಿಕೆಯನ್ನು ಇಲ್ಲವಾಗಿಸುತ್ತದೆ. ಹಗುರ ಲಾರಿಗಳಲ್ಲಿ ಇದು ಟರ್ಬೈನಿಗೂ ಕನ್ವರ್ಟರಿನ ಮುಂಭಾಗದ ಕವಚಕ್ಕೂ ನಡುವೆ ಇರುವ, ಘರ್ಷಣಾ ಪದರ ಅಂಟಿಸಿದ ದುಂಡನೆಯ ಪಿಸ್ಟನ್. ಕವಚ ಹಾಗೂ ಪಿಸ್ಟನ್ನಿನ ನಡುವೆ ತೈಲ ಹರಿಯುತ್ತಿರುವಾಗ ಕ್ಲಚ್ ಬಿಟ್ಟಿರುತ್ತದೆ. ಹರಿವಿನ ದಿಕ್ಕನ್ನು ತಿರುಗಿಸಿದಾಗ ಹಿಂಬದಿಯ ತೈಲದ ಒತ್ತಡ ಪಿಸ್ಟನ್ನನ್ನು ಕವಚಕ್ಕೆ ಒತ್ತಿ ಹಿಡಿಯುತ್ತದೆ. ಎಂಜಿನ್ನಿನ ಅದುರುವಿಕೆಯನ್ನು ತಾಳಿಕೊಳ್ಳಲು ಪಿಸ್ಟನ್ನಿಗೆ ಸ್ಪ್ರಿಂಗುಗಳನ್ನು ಜೋಡಿಸಿರುತ್ತಾರೆ. ಭಾರಿ ವಾಹನಗಳಲ್ಲಿ ಕ್ಲಚ್ಚಿಗೆ ಪ್ರತ್ಯೇಕ ಪಿಸ್ಟನ್ ಮತ್ತು ಪ್ಲೇಟುಗಳಿರುವುದುಂಟು.

ಹರಿವಿನ ದಿಕ್ಕನ್ನು ಬದಲಿಸುವ ಆಜ್ಞೆಯನ್ನು ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತೀಯ ಕವಾಟ ನೀಡುತ್ತದೆ. ಬ್ರೇಕ್ ಸ್ವಿಚ್, ಎಂಜಿನ್ನಿನ ತಂಪುನೀರಿನ ಉಷ್ಣತೆಯ ಸಂವೇದಕ, ಆಕ್ಸಿಲರೇಟರಿನ ಸ್ಥಾನದ ಸಂವೇದಕ ಹಾಗೂ ವೇಗದ ಸಂವೇದಕಗಳ ಮಾಹಿತಿ ಸರಿಯಿದ್ದರೆ ಮಾತ್ರ ಸೊಲೆನಾಯ್ಡಿಗೆ ವಿದ್ಯುತ್ ದೊರೆಯುತ್ತದೆ. ಕೆಲವು ಹಳೆಯ ಭಾರಿ ವಾಹನಗಳಲ್ಲಿ ವಿದ್ಯುತ್ ಆಜ್ಞೆ ಇರುವುದಿಲ್ಲ. ವೇಗಕ್ಕೆ ತಕ್ಕಂತೆ ಏರುವ ತೈಲದ ಒತ್ತಡವೇ ಕವಾಟವನ್ನು ಸರಿಸುತ್ತದೆ.

ದೋಷದ ಲಕ್ಷಣಗಳು

• ಕ್ಲಚ್ ಹಿಡಿಯದಿರುವುದು: ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಎಂಜಿನ್ನಿನ ಆರ್‌ಪಿಎಂ ಮೊದಲಿಗಿಂತ ಹೆಚ್ಚಾಗಿರುತ್ತದೆ. ಇಂಧನ ಹೆಚ್ಚು ಖರ್ಚಾಗುತ್ತದೆ, ಗೇರ್‌ಬಾಕ್ಸಿನ ತೈಲ ಬಿಸಿಯೇರುತ್ತದೆ. ವಾಹನ ಎಂದಿನಂತೆ ಓಡುವುದರಿಂದ ಈ ದೋಷ ಬಹುಕಾಲ ಗಮನಕ್ಕೆ ಬಾರದೆ ಉಳಿಯಬಹುದು.

• ನಡುಕ: ಕ್ಲಚ್ ಹಿಡಿಯುವ ಕ್ಷಣದಲ್ಲಿ ಅಥವಾ ಹಿಡಿದ ಬಳಿಕ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹಾದುಹೋದಂತೆ ವಾಹನ ಕೆಲವು ಸೆಕೆಂಡುಗಳ ಕಾಲ ನಡುಗುತ್ತದೆ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿರುವಾಗ ಇದು ಹೆಚ್ಚು.

• ಕ್ಲಚ್ ಬಿಡದಿರುವುದು: ವಾಹನ ನಿಲ್ಲುವ ಹೊತ್ತಿಗೆ ಎಂಜಿನ್ ಜಗ್ಗಿ ಆಫ್ ಆಗುತ್ತದೆ. ಸಾಧಾರಣ ಲಾರಿಯನ್ನು ಕ್ಲಚ್ ಒತ್ತದೆ ನಿಲ್ಲಿಸಿದಂತೆ ಇದರ ಅನುಭವ.

• ಪದೇಪದೇ ಹಿಡಿದು ಬಿಡುವುದು: ಸಮತಟ್ಟಾದ ರಸ್ತೆಯಲ್ಲಿಯೂ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಆಕ್ಸಿಲರೇಟರ್ ಸಂವೇದಕದ ಸವೆತ, ಬ್ರೇಕ್ ಸ್ವಿಚ್ಚಿನ ಸಡಿಲತೆ ಅಥವಾ ವೈರಿಂಗ್‌ನ ದೋಷ ಇದಕ್ಕೆ ಸಾಮಾನ್ಯ ಕಾರಣಗಳು.

ದೋಷಪತ್ತೆಯ ಕ್ರಮ

ತೈಲದ ಪರೀಕ್ಷೆ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ತೈಲ ಬಿಸಿಯಾಗಿರುವಾಗ ಕೈಪಿಡಿಯಲ್ಲಿ ಸೂಚಿಸಿದ ರೀತಿಯಲ್ಲಿ ಅಳತೆ ಕಡ್ಡಿಯಿಂದ ಮಟ್ಟವನ್ನು ನೋಡಬೇಕು. ಬಹುತೇಕ ಗೇರ್‌ಬಾಕ್ಸುಗಳಲ್ಲಿ ಎಂಜಿನ್ ಚಾಲೂ ಇರುವಾಗಲೇ ಮಟ್ಟ ಅಳೆಯಬೇಕು. ಎಂಜಿನ್ ನಿಲ್ಲಿಸಿ ಅಳೆದರೆ ಮಟ್ಟ ಹೆಚ್ಚಾಗಿ ಕಾಣುತ್ತದೆ. ತೈಲ ಕಡಿಮೆಯಿದ್ದರೆ ಪಂಪು ಗಾಳಿ ಎಳೆದುಕೊಂಡು ಒತ್ತಡ ಕುಸಿಯುತ್ತದೆ. ಕಪ್ಪುಬಣ್ಣ ಮತ್ತು ಸುಟ್ಟ ವಾಸನೆ ಘರ್ಷಣಾ ಪದರ ಸವೆದಿರುವುದನ್ನು ಸೂಚಿಸುತ್ತವೆ. ತೈಲವು ಹಾಲು ಬೆರೆಸಿದಂತೆ ಕಂಡರೆ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಸೋರಿ ನೀರು ಸೇರಿದೆ ಎಂದು ತಿಳಿಯಬೇಕು. ನೀರು ಸೇರಿದರೆ ಘರ್ಷಣಾ ಪದರದ ಅಂಟು ಬಿಡುವುದರಿಂದ, ತೈಲ ಬದಲಿಸಿದ ಮಾತ್ರಕ್ಕೆ ದೋಷ ನಿವಾರಣೆಯಾಗುವ ಭರವಸೆ ಇರುವುದಿಲ್ಲ.

ರಸ್ತೆ ಪರೀಕ್ಷೆ

ಎಂಜಿನ್ ಮತ್ತು ತೈಲ ಸಂಪೂರ್ಣ ಬಿಸಿಯಾಗುವ ಮೊದಲು ಹಲವು ವಾಹನಗಳಲ್ಲಿ ಕ್ಲಚ್ಚಿಗೆ ಆಜ್ಞೆಯೇ ಹೋಗುವುದಿಲ್ಲ. ಆದ್ದರಿಂದ ಗ್ಯಾರೇಜಿನ ಸುತ್ತ ಒಂದು ಸುತ್ತು ಹಾಕಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ತುಮಕೂರಿನಿಂದ ಗುಬ್ಬಿಗೆ ಇರುವ ಸುಮಾರು 20 ಕಿ.ಮೀ. ಹೆದ್ದಾರಿಯಷ್ಟು ದೂರ ಸಾಗಿದ ಮೇಲೆ ನಡೆಸುವ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ. ಚಾಲಕನು ರಸ್ತೆಯ ಮೇಲೆ ಗಮನವಿರಿಸಬೇಕಾದುದರಿಂದ ಆರ್‌ಪಿಎಂ ಮಾಪಕವನ್ನು ನೋಡಲು ಇನ್ನೊಬ್ಬರಿರಬೇಕು.

ಹಿಂದೆ ಮುಂದೆ ವಾಹನಗಳಿಲ್ಲದ ಸಮತಟ್ಟಾದ ರಸ್ತೆಯಲ್ಲಿ, ಮೇಲಿನ ಗೇರಿನಲ್ಲಿ, ವೇಗಮಿತಿಯೊಳಗೆ ಒಂದೇ ವೇಗ ಕಾಯ್ದುಕೊಳ್ಳಬೇಕು. ಆಕ್ಸಿಲರೇಟರನ್ನು ಕದಲಿಸದೆ, ಬ್ರೇಕ್ ಹಿಡಿಯದಷ್ಟು ಹಗುರವಾಗಿ ಬ್ರೇಕ್ ಪೆಡಲನ್ನು ಎಡಗಾಲಿನಿಂದ ಮುಟ್ಟಬೇಕು. ಬ್ರೇಕ್ ಸ್ವಿಚ್ ಕ್ಲಚ್ಚನ್ನು ಬಿಡಿಸುವ ವಾಹನಗಳಲ್ಲಿ, ಕ್ಲಚ್ ಹಿಡಿದಿದ್ದರೆ ಆರ್‌ಪಿಎಂ ತಟ್ಟನೆ ಕೆಲವು ನೂರರಷ್ಟು ಏರಿ, ಪೆಡಲ್ ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಇಳಿಯುತ್ತದೆ. ಆರ್‌ಪಿಎಂ ಬದಲಾಗದಿದ್ದರೆ ಕ್ಲಚ್ ಹಿಡಿದೇ ಇರಲಿಲ್ಲ, ಇಲ್ಲವೆ ಹಿಡಿದ ಕ್ಲಚ್ ಬಿಡುತ್ತಿಲ್ಲ.

ಇವೆರಡರಲ್ಲಿ ಯಾವುದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1,000 ಮೀಟರ್. ಟೈರಿನ ಸುತ್ತಳತೆ 3.2 ಮೀಟರ್ ಇದ್ದರೆ ಚಕ್ರವು ನಿಮಿಷಕ್ಕೆ ಸುಮಾರು 312 ಸುತ್ತು ತಿರುಗುತ್ತದೆ. ಹಿಂದಿನ ಆಕ್ಸಲ್ಲಿನ ಅನುಪಾತ 5, ಮೇಲಿನ ಗೇರಿನ ಅನುಪಾತ 1 ಎಂದಾದರೆ ಕ್ಲಚ್ ಹಿಡಿದಿರುವಾಗ ಎಂಜಿನ್ ಸುಮಾರು 1,560 ಆರ್‌ಪಿಎಂನಲ್ಲಿ ತಿರುಗಬೇಕು. ಮಾಪಕ 1,700 ತೋರಿಸಿದರೆ ಶೇ. 8ರಷ್ಟು ಜಾರುವಿಕೆ ಇದೆ, ಅಂದರೆ ಕ್ಲಚ್ ಹಿಡಿದಿಲ್ಲ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ಆಯಾ ವಾಹನದ ಅನುಪಾತಗಳನ್ನೂ ಟೈರಿನ ನೈಜ ಅಳತೆಯನ್ನೂ ಬಳಸಬೇಕು. ವೇಗಮಾಪಕದ ತಪ್ಪಿನಿಂದಲೂ ಲೆಕ್ಕ ಏರುಪೇರಾಗುವುದರಿಂದ, ವೇಗವನ್ನು ಜಿಪಿಎಸ್ ಸಾಧನದೊಡನೆ ತಾಳೆ ನೋಡುವುದು ಒಳಿತು.

ನಡುಕದ ಮೂಲ

ನಡುಕ ಕಂಡೊಡನೆ ಕ್ಲಚ್ಚನ್ನು ದೂರುವುದು ಸಾಮಾನ್ಯವಾದ ತಪ್ಪು. ಕ್ಲಚ್ ಬಿಟ್ಟಿರುವಾಗ ಎಂಜಿನ್ನಿನ ಅದುರುವಿಕೆಯನ್ನು ತೈಲ ನುಂಗಿಕೊಳ್ಳುತ್ತದೆ. ಹಿಡಿದಾಗ ಅದು ನೇರವಾಗಿ ಚಕ್ರಗಳವರೆಗೆ ತಲುಪುತ್ತದೆ. ಹೀಗಾಗಿ ಒಂದು ಸಿಲಿಂಡರಿನ ಇಂಜೆಕ್ಟರ್ ಅಥವಾ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಸರಿಯಿಲ್ಲದಿದ್ದರೂ ಕ್ಲಚ್ ಹಿಡಿದಾಗಲೇ ನಡುಕ ಕಾಣಿಸಿಕೊಳ್ಳಬಹುದು. ಬ್ರೇಕ್ ಪೆಡಲನ್ನು ಹಗುರವಾಗಿ ಮುಟ್ಟಿದಾಗ ನಡುಕ ನಿಂತರೆ ಕ್ಲಚ್ಚಿಗೂ ನಡುಕಕ್ಕೂ ಸಂಬಂಧವಿದೆ ಎಂದಷ್ಟೇ ಹೇಳಬಹುದು. ಕೆಳಗಿನ ಗೇರಿನಲ್ಲಿ, ಕ್ಲಚ್ ಹಿಡಿಯದ ವೇಗದಲ್ಲಿ, ಎಂಜಿನ್ನಿಗೆ ಭಾರ ಕೊಟ್ಟಾಗಲೂ ಮುಗ್ಗರಿಸುವಿಕೆ ಕಂಡುಬಂದರೆ ಮೊದಲು ಎಂಜಿನ್ನನ್ನು ಪರೀಕ್ಷಿಸಬೇಕು. ನಡುಗುತ್ತಿರುವಾಗ ಆರ್‌ಪಿಎಂ ವೇಗಕ್ಕೆ ಹೊಂದದೆ ಏರಿಳಿಯುತ್ತಿದ್ದರೆ ಕ್ಲಚ್ ಜಾರಿ ಜಾರಿ ಹಿಡಿಯುತ್ತಿದೆ ಎಂದರ್ಥ.

ವಿದ್ಯುತ್ ಪರೀಕ್ಷೆ

ಕ್ಲಚ್ ಹಿಡಿಯುತ್ತಿಲ್ಲವೆಂದು ಖಚಿತವಾದ ಮೇಲೆ ಆಜ್ಞೆ ತಲುಪುತ್ತಿದೆಯೇ ಎಂದು ನೋಡಬೇಕು. ಮೊದಲು ಫ್ಯೂಸ್, ಬಳಿಕ ಬ್ರೇಕ್ ಸ್ವಿಚ್. 1980ರ ದಶಕದ ಅನೇಕ ವಾಹನಗಳಲ್ಲಿ ಸೊಲೆನಾಯ್ಡಿನ ವಿದ್ಯುತ್ ಬ್ರೇಕ್ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಒಂದೇ ಸ್ವಿಚ್ಚಿನೊಳಗೆ ಬ್ರೇಕ್ ದೀಪಕ್ಕೂ ಕ್ಲಚ್ಚಿಗೂ ಬೇರೆ ಬೇರೆ ಸಂಪರ್ಕಗಳಿರುವುದರಿಂದ, ಬ್ರೇಕ್ ದೀಪ ಉರಿಯುತ್ತಿದೆ ಎಂಬ ಕಾರಣಕ್ಕೆ ಸ್ವಿಚ್ ಸರಿಯಿದೆ ಎಂದು ಭಾವಿಸಬಾರದು. ಪೆಡಲ್ ಬಿಟ್ಟಾಗ ಕ್ಲಚ್ಚಿನ ತಂತಿಯಲ್ಲಿ ವಿದ್ಯುತ್ ಇದ್ದು, ಒತ್ತಿದಾಗ ಇಲ್ಲವಾಗಬೇಕು. ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರಿನಿಂದ ಇದನ್ನು ನೋಡಬಹುದು.

ತಂಪುನೀರಿನ ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ ಎಂಜಿನ್ ನಿಗದಿತ ಉಷ್ಣತೆ ತಲುಪುವುದಿಲ್ಲ. ಕಂಪ್ಯೂಟರ್ ಕ್ಲಚ್ಚಿಗೆ ಅನುಮತಿಯನ್ನೂ ಕೊಡುವುದಿಲ್ಲ. ಎಂಜಿನ್ ಬಿಸಿಯಾಗಬಾರದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕಿದ ವಾಹನಗಳಲ್ಲಿಯೂ ಇದೇ ಪರಿಣಾಮ ಉಂಟಾಗಬಹುದು. ಬಳಿಕ ಸೊಲೆನಾಯ್ಡಿನ ವಿದ್ಯುತ್ ರೋಧವನ್ನು ಅಳೆದು ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವ ಸೊಲೆನಾಯ್ಡುಗಳೂ ಇರುವುದರಿಂದ ಎರಡೂ ಸ್ಥಿತಿಗಳಲ್ಲಿ ಅಳೆಯುವುದು ಉತ್ತಮ.

ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಾರು ಹಾಗೂ ಹಗುರ ಲಾರಿಗಳಿಗೆ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆಯಲ್ಲಿ ಪಿ0740 ಸಂಕೇತವು ಕ್ಲಚ್ಚಿನ ಮಂಡಲದ ದೋಷವನ್ನು, ಪಿ0741 ಕ್ಲಚ್ ಹಿಡಿಯದಿರುವುದನ್ನು, ಪಿ0742 ಬಿಡದಿರುವುದನ್ನು ಸೂಚಿಸುತ್ತದೆ. ಪಿ0743 ವಿದ್ಯುತ್ ದೋಷಕ್ಕೆ ಸಂಬಂಧಿಸಿದೆ. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಬದಲಿಸಬೇಕಾದ ಭಾಗವನ್ನಲ್ಲ. ಪಿ0741 ಸಂಕೇತವು ಸವೆದ ಕ್ಲಚ್ಚಿನಿಂದಲೂ ಸಿಕ್ಕಿಕೊಂಡ ಕವಾಟದಿಂದಲೂ ಬರಬಹುದು.

ಒತ್ತಡದ ಪರೀಕ್ಷೆ

ಆಜ್ಞೆ ತಲುಪುತ್ತಿದ್ದರೂ ಕ್ಲಚ್ ಹಿಡಿಯದಿದ್ದರೆ ಗೇರ್‌ಬಾಕ್ಸಿನ ಪರೀಕ್ಷಾ ರಂಧ್ರಕ್ಕೆ ಒತ್ತಡ ಮಾಪಕ ಜೋಡಿಸಿ ಮುಖ್ಯ ಒತ್ತಡವನ್ನು ಅಳೆಯಬೇಕು. ಅದು ಕಡಿಮೆಯಿದ್ದರೆ ಪಂಪು, ಫಿಲ್ಟರ್ ಅಥವಾ ಒತ್ತಡ ನಿಯಂತ್ರಕ ಕವಾಟದಲ್ಲಿ ದೋಷವಿದ್ದು, ಉಳಿದ ಗೇರುಗಳೂ ಜಾರುವ ಸಂಭವವಿರುತ್ತದೆ. ಮುಖ್ಯ ಒತ್ತಡ ಸರಿಯಿದ್ದು ಲಾಕ್‌ಅಪ್ ಮಾತ್ರ ಆಗದಿದ್ದರೆ ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಂಡ ಕವಾಟ, ಕವಾಟ ಚಲಿಸುವ ಅಲ್ಯೂಮಿನಿಯಮ್ ರಂಧ್ರದ ಸವೆತ ಅಥವಾ ಟರ್ಬೈನ್ ಶಾಫ್ಟಿನ ಸೀಲು ಕಾರಣವಾಗಿರಬಹುದು. ಇವೆಲ್ಲವೂ ಸರಿಯಿದ್ದ ಮೇಲಷ್ಟೇ ಕ್ಲಚ್ಚಿನ ಘರ್ಷಣಾ ಪದರ ಸವೆದಿದೆ ಎಂಬ ತೀರ್ಮಾನಕ್ಕೆ ಬರಬಹುದು.

ಎಂಜಿನ್ ನಿಂತುಹೋಗುವ ದೋಷದಲ್ಲಿ ಸೊಲೆನಾಯ್ಡಿನ ಕನೆಕ್ಟರನ್ನು ಕಳಚಿ ನೋಡಬೇಕು. ಆಗ ಎಂಜಿನ್ ನಿಂತುಹೋಗದಿದ್ದರೆ ದೋಷ ವಿದ್ಯುತ್ ಭಾಗದಲ್ಲಿದೆ. ಆಗಲೂ ನಿಂತುಹೋದರೆ ಕವಾಟ, ಸೊಲೆನಾಯ್ಡಿನ ಯಾಂತ್ರಿಕ ಭಾಗ ಅಥವಾ ಕನ್ವರ್ಟರ್ ಸಿಕ್ಕಿಕೊಂಡಿದೆ. ಕಂಪ್ಯೂಟರ್ ನಿಯಂತ್ರಿತ ಗೇರ್‌ಬಾಕ್ಸುಗಳಲ್ಲಿ ಅದೇ ಕನೆಕ್ಟರಿನಲ್ಲಿ ಗೇರ್ ಬದಲಿಸುವ ತಂತಿಗಳೂ ಇರುವುದರಿಂದ, ಕಳಚಿದಾಗ ವಾಹನ ಒಂದೇ ಗೇರಿನಲ್ಲಿ ಉಳಿಯುವುದು ಸಹಜ.

ಸ್ಟಾಲ್ ಪರೀಕ್ಷೆಯ ಮಿತಿ

ಬ್ರೇಕ್ ಒತ್ತಿ ಹಿಡಿದು, ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಗರಿಷ್ಠ ಆರ್‌ಪಿಎಂ ನೋಡುವ ಸ್ಟಾಲ್ ಪರೀಕ್ಷೆಯು ಸ್ಟೇಟರ್ ಹಾಗೂ ಗೇರ್‌ಬಾಕ್ಸಿನ ಇತರ ಕ್ಲಚ್ಚುಗಳ ಸ್ಥಿತಿಯನ್ನು ತಿಳಿಸುತ್ತದೆ. ನಿಂತ ವಾಹನದಲ್ಲಿ ಲಾಕ್‌ಅಪ್ ಕ್ಲಚ್ ಬಿಟ್ಟೇ ಇರುವುದರಿಂದ ಅದರ ಹಿಡಿತದ ಬಗ್ಗೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಎಂಜಿನ್ನಿನ ಶಕ್ತಿಯೆಲ್ಲ ತೈಲವನ್ನು ಕಾಯಿಸುವುದರಿಂದ ಇದನ್ನು 5 ಸೆಕೆಂಡುಗಳಿಗಿಂತ ಹೆಚ್ಚು ನಡೆಸಬಾರದು. ವಾಹನದ ಮುಂದೆ ಯಾರೂ ನಿಂತಿರಬಾರದು.

ದುರಸ್ತಿ

ದುರಸ್ತಿಯನ್ನು ಕಡಿಮೆ ಶ್ರಮದ ಕೆಲಸದಿಂದ ಆರಂಭಿಸುವುದು ವಾಡಿಕೆ. ಬ್ರೇಕ್ ಸ್ವಿಚ್, ಥರ್ಮೋಸ್ಟಾಟ್, ಸಂವೇದಕ ಮತ್ತು ವೈರಿಂಗ್‌ಗಳನ್ನು ಗೇರ್‌ಬಾಕ್ಸ್ ಮುಟ್ಟದೆ ಸರಿಪಡಿಸಬಹುದು. ಬಹುತೇಕ ಮಾದರಿಗಳಲ್ಲಿ ಆಯಿಲ್ ಪ್ಯಾನ್ ಬಿಚ್ಚಿ ಸೊಲೆನಾಯ್ಡನ್ನೂ ವಾಲ್ವ್ ಬಾಡಿಯನ್ನೂ ಬದಲಿಸಲು ಸಾಧ್ಯ. ಪ್ಯಾನಿನ ತಳದಲ್ಲಿ ತೆಳುವಾದ ಬೂದುಬಣ್ಣದ ಕೆಸರು ಸಾಮಾನ್ಯ. ಲೋಹದ ಚೂರುಗಳು ಮತ್ತು ಘರ್ಷಣಾ ಪದರದ ತುಣುಕುಗಳು ಒಳಭಾಗದ ಹಾನಿಯ ಗುರುತು. ಘರ್ಷಣಾ ಪದರ ಸುಸ್ಥಿತಿಯಲ್ಲಿದ್ದು ತೈಲ ಮಾತ್ರ ಹಳತಾಗಿದ್ದರೆ, ತಯಾರಕರು ಸೂಚಿಸಿದ ದರ್ಜೆಯ ಹೊಸ ತೈಲ ಹಾಕಿದಾಗ ನಡುಕ ನಿಲ್ಲುವುದುಂಟು. ಬೇರೆ ದರ್ಜೆಯ ತೈಲದ ಘರ್ಷಣಾ ಗುಣ ಬೇರೆಯಾಗಿರುವುದರಿಂದ ಅದೇ ನಡುಕಕ್ಕೆ ಕಾರಣವಾಗಬಹುದು.

ಪದರ ಸವೆದಿದ್ದರೆ ಗೇರ್‌ಬಾಕ್ಸ್ ಇಳಿಸಿ ಕನ್ವರ್ಟರ್ ಬದಲಿಸಬೇಕು. ಹಗುರ ವಾಹನಗಳ ಕನ್ವರ್ಟರ್ ಬೆಸುಗೆಯಿಂದ ಮುಚ್ಚಿರುವುದರಿಂದ ಅದರ ದುರಸ್ತಿಗೆ ಲೇತ್ ಯಂತ್ರದಲ್ಲಿ ಕತ್ತರಿಸಿ, ಹೊಸ ಪದರ ಅಂಟಿಸಿ, ಮತ್ತೆ ಬೆಸೆದು, ಸಮತೋಲನ ಪರೀಕ್ಷಿಸುವ ವಿಶೇಷ ಕಾರ್ಯಾಗಾರ ಬೇಕಾಗುತ್ತದೆ. ಹಳೆಯ ಪದರದ ಪುಡಿ ಆಯಿಲ್ ಕೂಲರಿನಲ್ಲಿ ಉಳಿದರೆ ಹೊಸ ಕನ್ವರ್ಟರೂ ಬೇಗ ಕೆಡುವುದರಿಂದ ಕೂಲರನ್ನು ತೊಳೆಯುವುದು ಅಗತ್ಯ. ಜೋಡಿಸುವಾಗ ಕನ್ವರ್ಟರ್ ಪಂಪಿನ ಗೇರಿಗೆ ಪೂರ್ತಿಯಾಗಿ ಕೂರಬೇಕು. ಸರಿಯಾಗಿ ಕೂರದ ಕನ್ವರ್ಟರನ್ನು ಬೋಲ್ಟುಗಳಿಂದ ಬಿಗಿದು ಎಳೆದರೆ ಪಂಪು ಒಡೆಯುತ್ತದೆ.

ನಿರ್ಲಕ್ಷ್ಯದ ಪರಿಣಾಮ

ಲಾಕ್‌ಅಪ್ ಆಗದ ಲಾರಿ ಓಡಾಡುತ್ತಲೇ ಇರುವುದರಿಂದ ಮಾಲೀಕರು ದುರಸ್ತಿಯನ್ನು ಮುಂದೂಡುವುದುಂಟು. ತೈಲದ ಉಷ್ಣತೆ ಸಾಮಾನ್ಯ ಮಟ್ಟವನ್ನು ಮೀರಿದ ಮೇಲೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲವಾದ ನಿಯಮ. ಕೆಟ್ಟ ತೈಲದಿಂದ ಸೀಲುಗಳು ಗಡುಸಾಗಿ, ಒತ್ತಡ ಸೋರಿ, ಗೇರ್‌ಬಾಕ್ಸಿನ ಉಳಿದ ಕ್ಲಚ್ಚುಗಳೂ ಸುಡುತ್ತವೆ. ಹೀಗೆ ಸ್ವಿಚ್ಚಿನ ಮಟ್ಟದಲ್ಲಿ ಆರಂಭವಾದ ದೋಷ ಗೇರ್‌ಬಾಕ್ಸಿನ ಸಂಪೂರ್ಣ ದುರಸ್ತಿಯಲ್ಲಿ ಕೊನೆಗೊಳ್ಳಬಹುದು. ಇದಕ್ಕೆ ವಿರುದ್ಧವಾಗಿ, ಆಜ್ಞೆ ಮತ್ತು ಒತ್ತಡಗಳನ್ನು ಪರೀಕ್ಷಿಸದೆ ಕನ್ವರ್ಟರ್ ಬದಲಿಸಿದರೆ, ಹೊಸ ಕನ್ವರ್ಟರ್ ಹಾಕಿದ ಮೇಲೂ ಅದೇ ದೋಷ ಉಳಿದುಕೊಳ್ಳುತ್ತದೆ.